ಒಂದು ಸೆಂಟು, ಒಂದು ಪೌಂಡು

ಸಿಂದಗಿ
ಆಗಸ್ಟ್ ೨೦೦೮

ಸರಾಗ ಸಂಚಾರ ನಿಗಮದ ಅಧಿಕೃತ ಜಾಲತಾಣ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ಸಿಂದಗಿ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಎಸ್.ಟಿ.ಡಿ., ಝೆರಾಕ್ಸ್ ಮತ್ತು ಇಂಟರ್‌ನೆಟ್ ಅಂಗಡಿ ಇಟ್ಟುಕೊಂಡಿರುವ ಶ್ರೀಶೈಲಪ್ಪ ಕೋರವಾರ ಎಂಬ ನಾನು, ತಮಗೂ, ತಮ್ಮ ಮುಖಪುಟದಲ್ಲಿ ಎಡದಿಂದ ಬಲಕ್ಕೆ ಹಗಲಿರುಳೂ ಓಡುತ್ತಿರುವ ಕೆಂಪು ಬಸ್ಸಿಗೂ, ಅದರ ಕೆಳಗೆ ಬಲದಿಂದ ಎಡಕ್ಕೆ ಓಡುತ್ತಿರುವ ‘ಸುಸ್ವಾಗತ’ಕ್ಕೂ, ಮೂಲೆಯಲ್ಲಿ ಹಳದಿ ಟೋಪಿ ಹಾಕಿಕೊಂಡು ‘ಕಾಮಗಾರಿ ಪ್ರಗತಿಯಲ್ಲಿದೆ’ ಎಂಬ ಫಲಕದ ಪಕ್ಕದಲ್ಲಿ ಎಡಬಿಡದೆ ಅಗೆಯುತ್ತಿರುವ ಪುಟ್ಟ ಕೂಲಿಯವನಿಗೂ ಕೈಮುಗಿದು ಬಿನ್ನವಿಸಿಕೊಳ್ಳುವುದೇನೆಂದರೆ, ನಾವೆಲ್ಲ ಇಲ್ಲಿ ಕ್ಷೇಮ. ತಮ್ಮ ಕ್ಷೇಮವನ್ನು ವಿಚಾರಿಸುವ ಅಗತ್ಯವೇ ಇಲ್ಲ. ಎಲ್ಲಿಯೂ ನಿಲ್ಲದೆ, ಯಾರನ್ನೂ ಹತ್ತಿಸಿಕೊಳ್ಳದೆ, ಯಾವ ಊರನ್ನೂ ಮುಟ್ಟದೆ ಓಡುವ ಬಸ್ಸಿನ ಒಡೆಯರು ಕ್ಷೇಮವಾಗಿಯೇ ಇರುತ್ತಾರೆ. ನನಗೆ ಚಿಂತೆ ಇರುವುದು ಆ ಕೂಲಿಯವನದು. ಯುಗಾದಿಗೆ ಮುಂಚೆ ನೋಡಿದಾಗಲೂ ಅಗೆಯುತ್ತಿದ್ದ, ಶ್ರಾವಣ ಬಂದರೂ ಅಗೆಯುತ್ತಲೇ ಇದ್ದಾನೆ. ಅವನ ಹಾಜರಿ ಯಾರು ಹಾಕುತ್ತಾರೋ, ನಡುವೆ ಒಂದು ಚಹಾ ಕುಡಿಯಲಾದರೂ ಬಿಡುತ್ತಾರೋ ಇಲ್ಲವೋ, ದಯವಿಟ್ಟು ವಿಚಾರಿಸಬೇಕು.

ನಿಗಮದಲ್ಲಿ ಕುರ್ಚಿ, ಮೇಜು, ಫ್ಯಾನು ಸಹಿತ ಇಷ್ಟೊಂದು ಮನುಷ್ಯರಿರುವಾಗ ತಮಗೇ ಏಕೆ ಪತ್ರ ಎಂದು ತಾವು ಕೇಳಬಹುದು. ಆ ಮನುಷ್ಯರಲ್ಲಿ ಯಾರನ್ನು ಕೇಳಿದರೂ ತಮ್ಮ ಕಡೆಗೇ ಬೆರಳು ಮಾಡುತ್ತಾರೆ. ಎಲ್ಲ ಬೆರಳುಗಳೂ ಒಬ್ಬರ ಕಡೆಗೇ ಇದ್ದ ಮೇಲೆ ಅವರೇ ಯಜಮಾನರು ಎಂದು ತಿಳಿಯುವಷ್ಟು ವ್ಯವಹಾರ ನನಗೆ ಗೊತ್ತಿದೆ.

ನನ್ನ ಯೋಗ್ಯತೆಯನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಂಡಿ ಕಡೆಯ ಲಿಂಬೆಕಾಯಿಯನ್ನು ಬುಟ್ಟಿಯಲ್ಲಿಟ್ಟುಕೊಂಡು, ಬಸ್ಸಿನ ಕಿಟಕಿಗಳ ಕೆಳಗೆ ಕೂಗಿ ಮಾರಿ ಮೇಲೆ ಬಂದವನು ನಾನು. ಓದಿದ್ದು ಏಳನೆಯ ಇಯತ್ತೆಯವರೆಗೆ, ಕೂಗಿದ್ದು ಡಿಗ್ರಿಯವರೆಗೆ. ಬುಟ್ಟಿ ಗಾಡಿಯಾಯಿತು, ಗಾಡಿ ಹೋಗಿ ಹಳದಿ ಬಣ್ಣದ ಎಸ್.ಟಿ.ಡಿ. ಡಬ್ಬಿಯಾಯಿತು, ಎಲ್ಲರ ಕಿಸೆಯಲ್ಲೂ ಮೊಬೈಲು ಕೂತ ಮೇಲೆ ಆ ಡಬ್ಬಿಯೊಳಗೆ ಕಂಪ್ಯೂಟರು ಬಂದು ಕೂತಿತು. ಆದರೆ ನನ್ನದು ಅಂದಿನಿಂದಲೂ ವ್ಯಾಪಾರಿಯ ಕಣ್ಣು. ಯಾರು ಏನು ಕೊಡುತ್ತೇನೆಂದರು, ಏನು ಕೊಟ್ಟರು ಎಂಬ ಎರಡು ಸಾಲುಗಳು ನನ್ನ ತಲೆಯಲ್ಲಿ ಅಕ್ಕಪಕ್ಕ ತಾವಾಗಿಯೇ ಬರೆದುಕೊಳ್ಳುತ್ತವೆ. ತಮ್ಮ ಹೆಸರಿನ ಮುಂದೆ ಮೊದಲನೆಯ ಸಾಲು ಪುಟ ತುಂಬಿದೆ, ಎರಡನೆಯದು ಬರಿದಾಗಿದೆ. ಅದರ ಖುಲಾಸೆಗಾಗಿ ಈ ಪತ್ರ.

ಬಸವನ ಬಾಗೇವಾಡಿಯಲ್ಲಿ ತಮ್ಮ ನಿಗಮದ ನಿಲ್ದಾಣವಿದೆ. ಅಲ್ಲಿ ಬಸ್ಸುಗಳ ಹೆಸರು ಕೂಗುವುದು ಒಂದು ಕ್ಯಾಸೆಟ್ಟು. ಸವೆದು ಸವೆದು ಅದರ ಸ್ಥಿತಿ ಹೇಗಾಗಿದೆ ಎಂದರೆ, ಮುದ್ದೇಬಿಹಾಳ ಎಂಬುದು ‘ಮುದ್ದೆ’ ಎಂದು ನಿಂತು, ದಮ್ಮು ತೆಗೆದುಕೊಂಡು, ‘ಹಾಳ’ ಎಂದು ಮುಗಿಯುತ್ತದೆ. ಮುದ್ದೆ ಹಾಳಾದರೆ ರೊಟ್ಟಿ ಉಣ್ಣುವ ನಮಗೇನು ಎಂದು ಜನ ಕೂತೇ ಇರುತ್ತಾರೆ, ಬಸ್ಸು ಹೋಗಿಬಿಡುತ್ತದೆ. ಇಂಡಿ ಎಂಬಲ್ಲಿ ಟೇಪು ಸಿಕ್ಕಿಕೊಂಡು ‘ಇಂಡಿ ಇಂಡಿ ಇಂಡಿ’ ಎನ್ನುತ್ತಲೇ ಇರುತ್ತದೆ. ಕೊಲ್ಹಾರಕ್ಕೆ ಹೊರಟಿದ್ದ ನಮ್ಮ ಮಾವನವರು, ಇಷ್ಟು ಬಾಯಿ ತುಂಬ ಕರೆಯುತ್ತಿದ್ದಾರಲ್ಲ, ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಮರ್ಯಾದೆಗೆ ಇಂಡಿ ಬಸ್ಸು ಹತ್ತಿ ಹೋಗಿ ಬಂದರು.

ಈ ಕಷ್ಟವನ್ನು ನಿಗಮವು ಕೊನೆಗೂ ಗಮನಿಸಿ, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಿತು: ಬಾಗೇವಾಡಿ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳನ್ನು ಕೂಗಲು ಒಬ್ಬರು ಬೇಕು, ಹುದ್ದೆ ಅಂಧರಿಗೆ ಮೀಸಲು, ಅರ್ಜಿ ಜಾಲತಾಣದ ಮೂಲಕ ಮಾತ್ರ. ಇದನ್ನು ಓದಿ ನಾನು ಎದ್ದು ನಿಂತು ತಮ್ಮ ದಿಕ್ಕಿಗೆ ಕೈಮುಗಿದೆ. ಏಕೆಂದರೆ ನನ್ನ ಅಂಗಡಿಯಲ್ಲಿ ಜಯಮಾಲಾ ಇದ್ದಾಳೆ.

ಜಯಮಾಲಾ ದೇವಣಗಾಂವದ ಹುಡುಗಿ. ಹುಟ್ಟಿನಿಂದಲೇ ಕಣ್ಣಿಲ್ಲ. ಹುಬ್ಬಳ್ಳಿಯಲ್ಲಿ ಓದಿ, ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದನ್ನು ಸಿ.ಡಿ.ಯಲ್ಲಿ ಕಟ್ಟಿಕೊಂಡು ಬಂದು, ನನ್ನ ಅಂಗಡಿಯ ಗೋಡೆ ಬದಿಯ ಕಂಪ್ಯೂಟರಿಗೆ ಅದನ್ನು ಹಾಕಿ, ಟೈಪಿಂಗ್ ಕೆಲಸ ಮಾಡಿಕೊಂಡಿದ್ದಾಳೆ. ಅವಳ ತಾಯಿ ಹೊನ್ನವ್ವ ಹಿಂದಿನ ಓಣಿಯಲ್ಲಿ ಬಾಡಿಗೆಗೆ ಕೋಣೆ ಹಿಡಿದು ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ಹುಡುಗಿ ಬಡವಿ, ಪಾಪದವಳು, ಮೆತ್ತಗಿನವಳು ಎಂದು ತಾವು ಊಹಿಸುತ್ತಿದ್ದರೆ ಒಂದು ದಿನ ನನ್ನ ಅಂಗಡಿಗೆ ಬಂದು ಒಂದು ತಪ್ಪು ಕಾಗದ ಕೊಟ್ಟು ನೋಡಿ. ಗಿರಾಕಿಗಳು ಅವಳಿಗೆ ಹೆದರಿ ನನ್ನ ಹತ್ತಿರ ಬರುತ್ತಾರೆ, ನಾನು ಹೆದರಿ ಅವರನ್ನು ತಿರುಗಿ ಅವಳ ಹತ್ತಿರವೇ ಕಳಿಸುತ್ತೇನೆ. ಧ್ವನಿಯಂತೂ ರಸ್ತೆಯ ಆಚೆ ಹೋಗುವ ಎತ್ತನ್ನೂ ನಿಲ್ಲಿಸುವಂಥದು.

ಟೈಪಿಂಗ್ ಕೆಲಸವಿದೆಯಲ್ಲ, ಬಾಗೇವಾಡಿಗೆ ಏಕೆ ಹೋಗುತ್ತಿ ಎಂದು ನಾನು ಸ್ವಾರ್ಥಕ್ಕಾಗಿ ಕೇಳಿದೆ. ಅವಳು ಹೇಳಿದ ಮಾತನ್ನು ಅವಳ ಬಾಯಿಂದಲೇ ಕೇಳುವುದು ಒಳ್ಳೆಯದು: “ಕಾಕಾರ, ಇಷ್ಟ ವರ್ಷ ಎಲ್ಲಾರೂ ನನ್ನ ಕೈ ಹಿಡದು ಬಸ್ ಹತ್ತಿಸ್ಯಾರ. ಒಂದಿನಾರ ನಾ ಹೇಳಿದ ಬಸ್ ಅವರು ಹತ್ತಲಿ.”

ಹೀಗಾಗಿ ಕಳೆದ ಸೋಮವಾರ ಬೆಳಗ್ಗೆ ನಾವು ತಮ್ಮ ಬಾಗಿಲಿಗೆ ಬಂದೆವು. ಜಯಮಾಲಾ ಕೀಲಿಮಣೆಯ ಮುಂದೆ, ಹೊನ್ನವ್ವ ಸ್ಟೂಲಿನ ಮೇಲೆ, ನಾನು ಇಬ್ಬರ ಹಿಂದೆ. ತಮ್ಮ ಮೊದಲ ಸಾಲು ‘ಪ್ರಯಾಣಿಕರ ಪರವಾಗಿ ಪ್ರಕಟಣೆ’ ಎಂದು ನನ್ನ ಕಣ್ಣಿಗೆ ಬೆಣ್ಣೆಯಂತೆ ಕಾಣುತ್ತಿತ್ತು. ಯಂತ್ರ ಅದನ್ನು ಓದಿತು. ನಡುನಡುವೆ ಏನೇನೋ ಗೊಣಗುತ್ತ, ಮೂರು ಕಡೆ ಸ್ಪಷ್ಟವಾಗಿ, ಯೆನ್, ಯೆನ್, ಯೆನ್ ಎಂದಿತು.

ಹೊನ್ನವ್ವನಿಗೆ ಕನಿಕರವಾಯಿತು. “ಏನ್ ಏನ್ ಅಂತ ಕೇಳಾಕತ್ತೇತಲ್ಲ ಬೇ, ಪಾಪ. ಹೆಸರರ ಹೇಳು ಅದಕ್ಕ.”

“ಅದು ಕೇಳಾಕತ್ತಿಲ್ಲವ್ವ, ಓದಾಕತ್ತೇತಿ.”

“ಓದೂದಿದ್ರ ಏನ್ ಏನ್ ಅಂತ ಯಾಕ ಅಂತೈತಿ? ಇವರು ಬರದದ್ದು ಅದಕ್ಕೂ ತಿಳೀವಲ್ದೇನ?”

ಮಾನ್ಯರೇ, ತಮ್ಮ ಬಗ್ಗೆ ಇಲ್ಲಿಯವರೆಗೆ ಬಂದ ವಿಮರ್ಶೆಗಳಲ್ಲಿ ಇದಕ್ಕಿಂತ ಸೂಕ್ಷ್ಮವಾದದ್ದು ಇರಲಾರದು.

ಜಯಮಾಲಾ ತಾಯಿಗೆ ಸುಮ್ಮನಿರಲು ಹೇಳಿ, ಮೊದಲು ಅರ್ಜಿಯ ಗಡುವು ಯಾವಾಗ ಎಂಬುದನ್ನು ಹುಡುಕಲು ಹೊರಟಳು. ತಾವು ‘ದಿನಾಂಕ’ ಎಂದು ಬರೆದಿದ್ದೀರಿ. ಯಂತ್ರ ಓದಿತು: ಸೆಂಟ್, ಪೌಂಡ್, ಎ, ಎ, ಪಿ, ಎ. ಅವಳು ಹಿಂದೆ ಹೋಗಿ ಮತ್ತೆ ಓದಿಸಿದಳು. ಸೆಂಟ್, ಪೌಂಡ್. ಜಾಹೀರಾತಿನ ದಿನಾಂಕ, ಜನ್ಮ ದಿನಾಂಕ, ಸಂದರ್ಶನದ ದಿನಾಂಕ. ತಾವು ದಿನಾಂಕಗಳ ವಿಷಯದಲ್ಲಿ ಎಷ್ಟು ಉದಾರಿಗಳೆಂದರೆ, ಅಂಗಡಿಯ ತುಂಬ ಸೆಂಟ್ ಪೌಂಡ್, ಸೆಂಟ್ ಪೌಂಡ್ ಎಂಬ ಜಪ ನಡೆದು, ಝೆರಾಕ್ಸಿಗೆ ಬಂದ ಒಬ್ಬರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಈ ಗದ್ದಲದಲ್ಲಿ ಹೊನ್ನವ್ವ ಯಾವಾಗ ಎದ್ದು ಹೋದಳೋ ನಾವು ಗಮನಿಸಲಿಲ್ಲ.

ತಿರುಗಿ ಬಂದಾಗ ಅವಳ ಒಂದು ಕೈಯಲ್ಲಿ ಬೇಕರಿಯ ಒಂದು ಪೌಂಡ್ ಬ್ರೆಡ್ ಇತ್ತು, ಇನ್ನೊಂದು ಕೈಯಲ್ಲಿ ಒಂದು ಪುಟ್ಟ ಸೆಂಟಿನ ಬಾಟಲಿ. ಹಿಂದೆಯೇ ಬಳೆ ಅತ್ತರು ಮಾರುವ ಪಕ್ಕದ ಅಂಗಡಿಯ ಗೌಸಬಿ, ಅಂಗಡಿಗೆ ಪರದೆ ಎಳೆದು ಬಂದಿದ್ದಳು.

“ಹೊನ್ನವ್ವಕ್ಕ ಸೆಂಟ್ ತಗೊಂಡ್ಳಂದ್ರ ಮಗಳಿಗಿ ವರ ಬಂದೈತಿ ಅಂತ ತಿಳದು ನೋಡಾಕ ಬಂದೇನ್ರಿ ಅಣ್ಣಾರ. ಎಲ್ಲಿ ಕುಂಡ್ರಿಸೀರಿ ಅಂವನ್ನ?”

“ವರ ಅಲ್ಲ ಬೇ ಗೌಸಬಿ, ಆಫೀಸನವರು,” ಎಂದಳು ಹೊನ್ನವ್ವ, ಎರಡನ್ನೂ ಕಂಪ್ಯೂಟರಿನ ಮುಂದೆ ನೈವೇದ್ಯದಂತೆ ಇಡುತ್ತ. “ಆವಾಗಿಂದ ಕೇಳಾಕತ್ತಾರ, ಸೆಂಟ್ ಬೇಕು, ಪೌಂಡ ಬೇಕು ಅಂತ. ನನ್ನ ಮಗಳಿಗಿ ಕಿವಿ ಕೇಳಸ್ತೈತಿ, ತಿಳೀವಲ್ದು. ನಾ ತಂದೇನಿ. ಖರೆ ಒಂದು ಮಾತ ಕೇಳ್ತೇನಿ, ನನ್ನ ರೊಟ್ಟಿ ಆಗಂಗಿಲ್ಲೇನ ಅವರಿಗಿ? ಬ್ರೆಡ್ ಬೇಡಾಕ ಎಲ್ಲಾರೂ ಜಡ್ಡ ಬಿದ್ದಾರೇನ?”

ನಮ್ಮ ಕಡೆ ಬ್ರೆಡ್ ತಿನ್ನುವುದು ದವಾಖಾನೆಯಲ್ಲಿ ಮಲಗಿದವರು ಎಂಬುದು ತಮಗೆ ಗೊತ್ತಿರಲಿ. ಗೌಸಬಿ ಸ್ಟೂಲಿನ ಮೇಲೆ ಕೂತು ನಗತೊಡಗಿದವಳು ನಿಲ್ಲಿಸಲಿಲ್ಲ. ಜಯಮಾಲಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ನಾನು ಮಾತ್ರ ನಗಲಿಲ್ಲ, ಏಕೆಂದರೆ ಹೊನ್ನವ್ವನ ತರ್ಕದಲ್ಲಿ ನನಗೆ ಎಲ್ಲಿಯೂ ತಪ್ಪು ಸಿಗಲಿಲ್ಲ. ಮಗಳ ಅಂಧತ್ವದ ಒಂದು ಪ್ರಮಾಣಪತ್ರಕ್ಕಾಗಿ ಅವಳು ಹತ್ತದ ಮೆಟ್ಟಿಲಿಲ್ಲ. ಹತ್ತಿದ ಪ್ರತಿ ಮೆಟ್ಟಿಲಿನ ಮೇಲೂ ಯಾರೋ ಒಬ್ಬರು ಏನೋ ಒಂದನ್ನು ಸುತ್ತುಬಳಸಿ ಕೇಳಿದವರೇ. ಇಂಥದ್ದು ಬೇಕೆಂದು ನಾಚಿಕೆಯಿಲ್ಲದೆ ಬಾಯಿಬಿಟ್ಟು ಹೇಳುವ ಕಚೇರಿಯೊಂದು ಕೊನೆಗೂ ಹುಟ್ಟಿತಲ್ಲ ಎಂದು ಅವಳಿಗೆ ತಮ್ಮ ಮೇಲೆ ಗೌರವವೇ ಬಂದಿತ್ತು. ಆ ಗೌರವವನ್ನು ಕೆಡಿಸಿದವನು ನಾನು.

ಕೆಡಿಸಿದ್ದು, ಜಯಮಾಲಾ ನನಗೆ ಬಿಡಿಸಿ ಹೇಳಿದ್ದನ್ನು ಅವಳಿಗೆ ಹೀಗೆ ತಿಳಿಸಿ. ತಮ್ಮ ಕನ್ನಡ ಕಣ್ಣಿಗೆ ಮಾತ್ರ ಕನ್ನಡ. ತಾವು ಬಳಸುವುದು ಹಳೆಯ ಕಾಲದ ಅಕ್ಷರ ಪದ್ಧತಿ. ಒಳಗೆ ಇರುವುದೆಲ್ಲ ಇಂಗ್ಲಿಷಿನ ಚಿಹ್ನೆಗಳು, ಮೇಲೆ ತೊಡಿಸಿರುವುದು ಕನ್ನಡದ ಅಂಗಿ. ನೋಡುವವರಿಗೆ ಅಂಗಿ ಕಾಣುತ್ತದೆ. ಜಯಮಾಲಾಳ ಯಂತ್ರಕ್ಕೆ ಕಣ್ಣಿಲ್ಲ, ಅದು ಅಂಗಿಯೊಳಗೆ ಕೈಹಾಕಿ ಅಲ್ಲಿದ್ದದ್ದನ್ನು ಹೇಳುತ್ತದೆ. ‘ದಿ’ಯ ಅಂಗಿಯೊಳಗೆ ಅಮೆರಿಕದವರ ಸೆಂಟಿನ ಗುರುತು, ‘ಪ’ದೊಳಗೆ ಜಪಾನಿನವರ ಯೆನ್ನು, ‘ನ’ದೊಳಗೆ ಬ್ರಿಟಿಷರ ಪೌಂಡು. ನಮ್ಮ ಅಕ್ಷರಮಾಲೆಯೊಳಗೆ ಇಷ್ಟು ದೇಶಗಳವರು ಅಡಗಿ ಕೂತಿದ್ದಾರೆಂದು ನನಗೂ ಅಂದೇ ಗೊತ್ತಾದದ್ದು. ಬ್ರಿಟಿಷರು ಬಿಟ್ಟುಹೋಗಿ ಅರವತ್ತೊಂದು ವರ್ಷವಾಯಿತೆಂದು ಮೊನ್ನೆಯಷ್ಟೇ ಪೇಢೆ ಹಂಚಿದೆವು; ‘ನ’ವನ್ನು ಬಿಟ್ಟು ಹೋಗಿಲ್ಲವೆಂದು ಯಾರೂ ಹೇಳಲಿಲ್ಲ.

ಈಗ ಹೊಸ ಪದ್ಧತಿ ಬಂದಿದೆ. ಅದರಲ್ಲಿ ‘ನ’ ಒಳಗೂ ಹೊರಗೂ ‘ನ’ವೇ, ಜಯಮಾಲಾಳ ಯಂತ್ರ ತೊದಲುತ್ತಲಾದರೂ ಅದನ್ನು ಓದುತ್ತದೆ. ಬೇರೆ ಕೆಲವರು ಬದಲಾಯಿಸಿಕೊಂಡಿದ್ದಾರೆ. ತಾವು ಬದಲಾಗದೆ ಉಳಿದಿರುವುದು ಹಿರಿಯರ ಮೇಲಿನ ಭಕ್ತಿಯಿಂದಲೇ ಇರಬೇಕು.

ಇಂಗ್ಲಿಷಿನಲ್ಲಾದರೂ ಓದೋಣವೆಂದರೆ, ತಮ್ಮ ‘ಇಂಗ್ಲಿಷ್’ ಎಂಬ ಗುಂಡಿಯೇ ಒಂದು ಚಿತ್ರ. ಚಿತ್ರಕ್ಕೆ ತಾವು ಹೆಸರಿಟ್ಟಿಲ್ಲ. ಹೆಸರಿಡದ ಚಿತ್ರಗಳನ್ನು ಯಂತ್ರವು ನಂಬರಿನಿಂದ ಕರೆಯುತ್ತದೆ, ಜೈಲಿನಲ್ಲಿ ಕರೆಯುವ ಹಾಗೆ. ಗ್ರಾಫಿಕ್ ಒಂಬತ್ತು, ಗ್ರಾಫಿಕ್ ಹದಿಮೂರು. ಇವುಗಳ ಪೈಕಿ ಗ್ರಾಫಿಕ್ ಹದಿನೇಳು ಎಂಬುದನ್ನು ನಾನು ಕಣ್ಣಾರೆ ನೋಡಿ ಧನ್ಯನಾದೆ. ಕಪ್ಪು ಕನ್ನಡಕ ಹಾಕಿಕೊಂಡ ಒಬ್ಬರ ಕೈಯನ್ನು ಟೈ ಕಟ್ಟಿದ ಇನ್ನೊಬ್ಬರು ಕುಲುಕುತ್ತಿದ್ದಾರೆ, ಕೆಳಗೆ ‘ಈ ತಾಣವು ಅಂಧ ಸ್ನೇಹಿ’ ಎಂದು ಬಂಗಾರದ ಬಣ್ಣದಲ್ಲಿ ಬರೆದಿದೆ. ಅಂಧರೊಬ್ಬರನ್ನು ಬಿಟ್ಟು ಉಳಿದೆಲ್ಲರಿಗೂ ಕಾಣುವ ಸ್ನೇಹ. ಇಂಥ ಸ್ನೇಹವನ್ನು ನಾನು ಚುನಾವಣೆಯ ಗೋಡೆಗಳ ಮೇಲೆ ಮಾತ್ರ ನೋಡಿದ್ದೆ.

ಹೇಗೋ ಅರ್ಜಿಯ ಪುಟಕ್ಕೆ ಬಂದೆವು. ಅಲ್ಲಿ ಖಾಲಿ ಚೌಕಗಳ ಸಾಲು. ಯಾವ ಚೌಕದ ಮೇಲೆ ನಿಂತರೂ ಯಂತ್ರ ‘ಎಡಿಟ್’ ಎನ್ನುತ್ತದೆ, ಅಷ್ಟೇ. ಅದು ಹೆಸರೋ, ಊರೋ, ತಂದೆಯೋ, ತಾವು ಚೌಕಕ್ಕೆ ಹೇಳಿಲ್ಲ, ಚೌಕ ಅವಳಿಗೆ ಹೇಳಲಿಲ್ಲ. ಮುಂದೆ ಫಲಕವಿಲ್ಲದ ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿ, ನಿನ್ನ ಬಸ್ಸನ್ನು ನೀನೇ ಹತ್ತು ಎಂದ ಹಾಗೆ. ಜಯಮಾಲಾ ಲೋಕರೂಢಿಯ ಪ್ರಕಾರ ಹೆಸರಿನ ನಂತರ ತಂದೆ, ಆಮೇಲೆ ಊರು ಎಂದು ಊಹಿಸಿ ತುಂಬಿದಳು. ತಮ್ಮಲ್ಲಿ ಊರು ಮೊದಲು, ತಂದೆ ಆಮೇಲೆ. ಹೀಗಾಗಿ ಅವಳ ತಂದೆಯ ಹೆಸರು ದೇವಣಗಾಂವ ಎಂದೂ, ಊರಿನ ಹೆಸರು ಸೋಮನಿಂಗ ಎಂದೂ ದಾಖಲಾಯಿತು. ನಾನು ಓದಿ ಹೇಳಿದೆ.

“ಇರಲಿ ಬಿಡ್ರಿ,” ಎಂದಳು ಹೊನ್ನವ್ವ. “ಅಂವ ಮನ್ಯಾಗ ಇದ್ದದ್ದಕಿಂತ ಊರಾಗ ಇದ್ದದ್ದ ಜಾಸ್ತಿ. ಊರಂದ್ರೂ ನಡೀತೈತಿ.”

ನಡೆಯುವುದಿಲ್ಲವೆಂದು ನಾನು ಯಾವ ಚೌಕ ಯಾವುದೆಂದು ಹೇಳಿಕೊಟ್ಟೆ, ಅವಳು ತಿದ್ದಿದಳು. ಕೊನೆಗೆ ಪುಟದ ಅಡಿಯಲ್ಲಿ ತಮ್ಮ ಘೋಷಣೆ ಎದುರಾಯಿತು. ‘ಈ ಅರ್ಜಿಯನ್ನು ಅಭ್ಯರ್ಥಿಯಾದ ನಾನೇ, ಅನ್ಯರ ಸಹಾಯವಿಲ್ಲದೆ, ಸ್ವತಃ ಭರ್ತಿ ಮಾಡಿರುತ್ತೇನೆ, ಸುಳ್ಳೆಂದು ಕಂಡುಬಂದರೆ ಅನರ್ಹಳಾಗುತ್ತೇನೆ.’ ಅದರ ಮುಂದೆ ಟಿಕ್ ಮಾಡದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ನಾನು ಅದನ್ನು ಓದಿದ್ದೇ ತಡ, ಜಯಮಾಲಾ ತುಂಬಿದ್ದನ್ನೆಲ್ಲ ಅಳಿಸಿಬಿಟ್ಟಳು. ನನ್ನನ್ನು ಝೆರಾಕ್ಸ್ ಯಂತ್ರದ ಕಡೆಗೆ ಕಳಿಸಿ, ಬಾಯಿ ಮುಚ್ಚಿಕೊಂಡಿರಲು ಹೇಳಿ, ಚೌಕಗಳನ್ನು ಮೊದಲಿನಿಂದ ತಾನೇ ತುಂಬಿದಳು. ಯಾವ ಚೌಕ ಯಾವುದೆಂಬ ಮಾತನ್ನಂತೂ ಮರೆಯಲು ಸಾಧ್ಯವಿಲ್ಲ, ಅಷ್ಟನ್ನು ತಾವು ಕ್ಷಮಿಸಬೇಕು ಎಂದು ತಮಗೆ ಹೇಳಲು ಹೇಳಿದ್ದಾಳೆ, ಹೇಳಿದ್ದೇನೆ.

ಇನ್ನು ಉಳಿದದ್ದು ಕೊನೆಯ ಮೆಟ್ಟಿಲು. ‘ತಾವು ಮನುಷ್ಯರೆಂದು ಖಚಿತಪಡಿಸಲು, ಚಿತ್ರದಲ್ಲಿ ಕಾಣುವ ಅಕ್ಷರಗಳನ್ನು ನೋಡಿ ಬರೆಯಿರಿ.’

ಮಾನ್ಯರೇ, ಇಲ್ಲಿ ನಾನು ತಮ್ಮನ್ನು ಮನಸಾರೆ ಹೊಗಳಬೇಕು. ಮನುಷ್ಯನೆಂದರೆ ಯಾರು ಎಂಬ ಪ್ರಶ್ನೆಗೆ ದೊಡ್ಡದೊಡ್ಡವರು ಗಡ್ಡ ಬೆಳೆಸಿಕೊಂಡು ಉತ್ತರ ಹುಡುಕಿದ್ದಾರೆ. ತಾವು ಒಂದು ಗೆರೆಯಲ್ಲಿ ಮುಗಿಸಿದ್ದೀರಿ: ಸೊಟ್ಟ ಅಕ್ಷರ ಓದಬಲ್ಲವನು ಮನುಷ್ಯ. ಅಂಧರಿಗೇ ಮೀಸಲಾದ ಹುದ್ದೆಗೆ ಈ ಪರೀಕ್ಷೆ ಇಟ್ಟಿರುವುದರಿಂದ, ಆ ಹುದ್ದೆಗೆ ಮನುಷ್ಯರು ಬೇಡವೆಂಬ ತಮ್ಮ ಅಭಿಪ್ರಾಯವೂ ಸ್ಪಷ್ಟವಾಗುತ್ತದೆ. ಪಕ್ಕದಲ್ಲಿ ಒಂದು ಕಹಳೆಯ ಚಿತ್ರವಿತ್ತು. ಒತ್ತಿದರೆ ಅಕ್ಷರಗಳನ್ನು ಓದಿ ಹೇಳುತ್ತದೇನೋ ಎಂದು ಒತ್ತಿದೆವು. ಹಳದಿ ಟೋಪಿಯ ಕೂಲಿಯವನು ಬಂದ. ಅಲ್ಲಿಯೂ ಅಗೆಯುತ್ತಿದ್ದ.

ಜಯಮಾಲಾ ಕೀಲಿಮಣೆಯಿಂದ ಕೈ ತೆಗೆದಳು. ನಾನು ಅವಳ ಅರ್ಜಿಯನ್ನು ಮುಟ್ಟಲಿಲ್ಲ. ಪಕ್ಕದ ಕಂಪ್ಯೂಟರಿನಲ್ಲಿ ಇದೇ ಪುಟವನ್ನು ತೆರೆದು, ಕಣ್ಣಿದ್ದವರಾದರೂ ಮನುಷ್ಯರಾಗುತ್ತಾರೋ ನೋಡೋಣವೆಂದು ಪರೀಕ್ಷೆಗೆ ಕೂತೆ. ಕನ್ನಡಕ ಒರೆಸಿ, ಉಸಿರು ಬಿಗಿಹಿಡಿದು ಬರೆದೆ. ನಾನು ಮನುಷ್ಯನಲ್ಲವೆಂದು ತಾವು ತೀರ್ಪು ಕೊಟ್ಟಿರಿ. ಗೌಸಬಿ ನಕ್ಕಳು, ಬರೆದಳು, ಅವಳೂ ಅಲ್ಲ. ಪೇಪರು ಓದಲು ಬಂದಿದ್ದ ನಿವೃತ್ತ ನಾರಾಯಣ ಮಾಸ್ತರರು ಪರದೆಯ ಮುಂದೆ ಮೂಗು ಹಚ್ಚಿ ನೋಡಿ, “ಅಕ್ಷರ ಹಿಂಗ ಬರದ್ರ ನಾ ಸಾಲ್ಯಾಗ ಬೆಂಚ್ ಮ್ಯಾಲ ನಿಂದ್ರಸ್ತಿದ್ದೆ,” ಎಂದು ಎದ್ದುಹೋದರು. ಸಿಂದಗಿಯ ಬಸ್ ನಿಲ್ದಾಣದ ಎದುರು ಒಬ್ಬನೂ ಮನುಷ್ಯನಿಲ್ಲ ಎಂದು ಸಾಬೀತಾಗುವ ಹೊತ್ತಿಗೆ ಚಂದಪ್ಪ ಬಂದ. ಚಂದಪ್ಪ ಯಾರೆಂದರೆ, ಬೆಳಗಿನ ಚಹಾದ ಹೊತ್ತಿಗೇ ಸಂಜೆಯ ಕುಡಿತ ಮುಗಿಸಿಕೊಂಡಿರುವ ನಮ್ಮ ಸಾಲಿನ ಹಮಾಲ. ಬಾಗಿಲಿಗೆ ಒರಗಿ ನಿಂತು, ಪರದೆಯನ್ನು ಅಲ್ಲಿಂದಲೇ ನೋಡಿ, ಐದೂ ಅಕ್ಷರಗಳನ್ನು ಗಡಿಯಾರ ನೋಡಿ ಟೈಮು ಹೇಳಿದ ಹಾಗೆ ಹೇಳಿಬಿಟ್ಟ. ಸರಿಯಾಗಿತ್ತು. “ನನಗ ದಿನಾ ಹಿಂಗ ಕಾಣತಾವ್ರಿ ಮಾಲಕ್ರ,” ಎಂದ.

ಆದಕಾರಣ ಸಿಂದಗಿಯಲ್ಲಿ ಸದ್ಯಕ್ಕೆ ಅಧಿಕೃತವಾಗಿ ಮನುಷ್ಯನೆಂದು ಖಚಿತವಾಗಿರುವವನು ಚಂದಪ್ಪ ಒಬ್ಬನೇ.

“ಹೇಳ್ಲೇನ ತಂಗಿ, ನಿನ್ನ ಪರದೀ ಮ್ಯಾಲಿನ ಐದು ಅಕ್ಷರಾನೂ?” ಎಂದು ಅವನು ಜಯಮಾಲಾಳನ್ನು ಒಳ್ಳೆಯ ಮನಸ್ಸಿನಿಂದಲೇ ಕೇಳಿದ. ಅವಳು ಬೇಡವೆಂದಳು. ನಾನು, ಗೌಸಬಿ, ಹೊನ್ನವ್ವ ಮೂವರೂ ಮುಗಿಬಿದ್ದೆವು. ಐದು ಅಕ್ಷರ, ಯಾರು ನೋಡಲು ಬರುತ್ತಾರೆ, ಒಂದು ಟಿಕ್ ಹಾಕಿದರೆ ಮುಗಿಯಿತು.

“ಟಿಕ್ ಹಾಕಿದ್ರ ಅದು ನನ್ನ ಮೊದಲನೇ ಅನೌನ್ಸ್‌ಮೆಂಟ್ ಆಕ್ಕೈತಿ ಕಾಕಾರ,” ಎಂದಳು ಅವಳು. “ಅದ ಸುಳ್ಳಿದ್ದ ಮ್ಯಾಲ, ನಾಳಿ ಮೈಕಿನ್ಯಾಗ ನಾ ಮುದ್ದೇಬಿಹಾಳ ಅಂದ್ರ ಜನ ಯಾಕ ಏಳಬೇಕು?”

ಕೊನೆಗೆ ತಮ್ಮ ಪುಟದ ಅಡಿಯಲ್ಲಿದ್ದ ಸಹಾಯವಾಣಿಗೆ ಫೋನು ಮಾಡಿದೆವು, ಮಾತಾಡಿದವಳು ಜಯಮಾಲಾ. ಬೆಂಗಳೂರು ಕಡೆಯ ಸಣ್ಣ ವಯಸ್ಸಿನ ಧ್ವನಿಯೊಂದು ಬಹಳ ಮರ್ಯಾದೆಯಿಂದ, “ಎಲ್ಲಾ ಡೀಟೇಲ್ಸೂ ವೆಬ್‌ಸೈಟಲ್ಲೇ ಇದೆ ಮೇಡಂ, ನೋಡ್ಕೊಳ್ಳಿ,” ಎಂದಿತು.

“ನೋಡಾಕ ಬರಂಗಿಲ್ರಿ. ಅದಕ್ಕ ಫೋನ್ ಮಾಡೇನಿ.”

“ಹಾಗಾದ್ರೆ ಯಾರಾದ್ರೂ ಕಣ್ಣು ಕಾಣೋರ ಹತ್ರ ಮಾಡಿಸ್ಕೊಳ್ಳಿ ಮೇಡಂ.”

“ಅನ್ಯರ ಸಹಾಯ ತಗೊಂಡಿಲ್ಲಂತ ಟಿಕ್ ಮಾಡಬೇಕಲ್ರಿ ಕೆಳಗ.”

“ಅದೊಂದು ಸುಮ್ನೆ ಫಾರ್ಮಾಲಿಟಿ ಮೇಡಂ. ಟಿಕ್ ಮಾಡ್ಬಿಡಿ.”

“ಕಾಗದದ ಮ್ಯಾಲ ಅರ್ಜಿ ತಗೋತೀರೇನ್ರಿ?”

“ಇಲ್ಲ ಮೇಡಂ, ವೆಬ್‌ಸೈಟ್ ಮಾತ್ರ. ಅದರಲ್ಲೇ ಇದೆ, ನೋಡ್ಕೊಳ್ಳಿ.”

ಅವಳು ಫೋನಿಟ್ಟಳು. ಬೈದಿದ್ದರೆ ನಮಗೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ಮೇಜಿನ ಮೇಲಿದ್ದ ಸೆಂಟಿನ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತ ಕೂತಿದ್ದಳು. ಹೊನ್ನವ್ವ ರೊಟ್ಟಿಯ ಹೊತ್ತಾಯಿತೆಂದು ಎದ್ದವಳು ಹೋಗಲಾರದೆ ಬಾಗಿಲಲ್ಲೇ ನಿಂತಳು. ನಾನು ಆವರೆಗೂ ಇದನ್ನೆಲ್ಲ ನಾಲ್ಕು ಜನರಿಗೆ ಹೇಳಿ ನಗಿಸುವ ಕತೆಯೆಂದುಕೊಂಡಿದ್ದೆ. ಆ ಹೊತ್ತಿನಿಂದ ಹಾಗೆ ಅನ್ನಿಸುತ್ತಿಲ್ಲ. ಗಡುವು ಈ ಶನಿವಾರ. ಕುರ್ಚಿ ಒಂದೇ ಇದೆ. ಅನ್ಯರ ಕಣ್ಣು ತಂದು, ಟಿಕ್ ಹಾಕಿ, ಮನುಷ್ಯರೆನ್ನಿಸಿಕೊಂಡ ಯಾರೋ ಒಬ್ಬರು ಅದರ ಮೇಲೆ ಕೂರುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಆ ಸುಳ್ಳನ್ನು ಹೇಳಿಕೊಟ್ಟವರು ತಾವು.

ಆದಕಾರಣ ತಮ್ಮಲ್ಲಿ ನನ್ನ ಬೇಡಿಕೆಗಳು. ಮೊದಲಿಗೆ, ನಮ್ಮ ‘ನ’ವನ್ನು ಬ್ರಿಟಿಷರಿಂದ ಬಿಡಿಸಿಕೊಡಬೇಕು, ಸತ್ಯಾಗ್ರಹ ಬೇಕಿದ್ದರೆ ಚಂದಪ್ಪ ಮಲಗಲು ತಯಾರಿದ್ದಾನೆ, ಅವನು ಹೇಗೂ ಮಲಗುತ್ತಾನೆ. ಚೌಕಗಳಿಗೆ ಹೆಸರಿಡಬೇಕು, ಬಸ್ಸಿಗೆ ಫಲಕ ಬರೆಸುವಷ್ಟೇ ಕೆಲಸ. ಗ್ರಾಫಿಕ್ ಹದಿನೇಳರಲ್ಲಿ ಕೈಕುಲುಕುತ್ತಿರುವ ಟೈನವರು ಆ ಕೈಯನ್ನು ಬಿಟ್ಟು, ಅದೇ ಕೈಯಿಂದ ಚಿತ್ರಗಳಿಗೆ ನಾಲ್ಕು ನಾಲ್ಕು ಶಬ್ದ ಬರೆಯಬೇಕು. ಕೂಲಿಯವನು ಕಹಳೆಯ ಕೆಳಗೆ ಅಗೆಯುವುದನ್ನು ನಿಲ್ಲಿಸಿ, ಕಹಳೆಯನ್ನು ಮೇಲೆತ್ತಿ ಊದಬೇಕು. ಇದಾವುದೂ ಆಗದಿದ್ದರೆ, ತಮ್ಮನ್ನು ಕಟ್ಟಿದ ಎಂಜಿನಿಯರರು ಒಂದು ದಿನ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತಮ್ಮ ಮುಖಪುಟದಿಂದ ಅರ್ಜಿಯವರೆಗೆ ನಡೆದು ಬರಬೇಕು. ದಾರಿಯಲ್ಲಿ ಎಡವಿ ಬಿದ್ದರೆ ನಮ್ಮಲ್ಲಿ ಬ್ರೆಡ್ ಇದೆ.

ಅರ್ಜಿಯ ವಿಷಯ. ಜಯಮಾಲಾ ಬುಧವಾರ ಬೆಳಗ್ಗೆ ಅಂಗಡಿಗೆ ಬಂದು, ಖಾಲಿ ಕ್ಯಾಸೆಟ್ಟೊಂದು ಬೇಕೆಂದಳು. “ಅವರಿಗಿ ಕಾಣೂದನ್ನ ನಾ ಓದಬೇಕಂತ. ನಾ ಹೇಳೂದನ್ನ ಅವರು ಕೇಳ್ಲಿ.” ಹೀಗಾಗಿ ಅವಳು ತನ್ನ ಅರ್ಜಿಯನ್ನು ಹೆಸರು, ಊರು, ತಂದೆ, ತಮ್ಮದೇ ಚೌಕಗಳ ಕ್ರಮದಲ್ಲಿ, ಅನ್ಯರ ಸಹಾಯವಿಲ್ಲದೆ, ತನ್ನ ಬಾಯಿಂದಲೇ ತುಂಬಿದ್ದಾಳೆ. ಘೋಷಣೆಯನ್ನೂ ಮಾಡಿದ್ದಾಳೆ, ಅದು ನಿಜ. ಆ ಕ್ಯಾಸೆಟ್ಟನ್ನು ಲಗತ್ತಿಸಿದೆ. ಕೇಳಲು ಟೇಪು ಇಲ್ಲವೆಂದು ತಾವು ಹೇಳುವಂತಿಲ್ಲ. ಬಾಗೇವಾಡಿಯಲ್ಲಿ ಇಡೀ ದಿನ ಮುದ್ದೆ ಹಾಳು ಮಾಡುತ್ತಿರುವುದು ಅದೇ.

ಅರ್ಜಿಯ ಕೊನೆಗೆ ಅವಳು ಐದು ಅಕ್ಷರಗಳನ್ನು ಹೇಳಿದ್ದಾಳೆ. ಅವನ್ನು ಮಾತ್ರ ಅಂಗಡಿಯಲ್ಲಿ ಧ್ವನಿಮುದ್ರಿಸಲಿಲ್ಲ. ಸಂತೆಯ ದಿನ ನಿಲ್ದಾಣದ ನಡುವೆ ನಿಂತು, ಒಂದು ಕಡೆ ಹಾರ್ನು, ಒಂದು ಕಡೆ ಶೇಂಗಾ ಮಾರುವವನ ಕೂಗು, ಇವುಗಳ ನಡುವೆ ಹೇಳಿದ್ದಾಳೆ. ತಮ್ಮ ಅಕ್ಷರಗಳು ಎಷ್ಟು ಸೊಟ್ಟವೋ ಅಷ್ಟೇ ಸೊಟ್ಟ. ದಯವಿಟ್ಟು ಕೇಳಿಸಿಕೊಂಡು ಬರೆದು ಕಳಿಸಬೇಕು. ಸರಿಯಾಗಿದ್ದರೆ ನಿಗಮದಲ್ಲಿ ಮನುಷ್ಯರಿದ್ದಾರೆಂದು ನಾವು ಖಚಿತಪಡಿಸಿಕೊಳ್ಳುತ್ತೇವೆ. ಅನ್ಯರ ಸಹಾಯ ಪಡೆಯಕೂಡದು. ಚಂದಪ್ಪನನ್ನಂತೂ ಕೇಳಲೇಬಾರದು.

ತಮ್ಮಿಂದ ಇನ್ನೂ ಮನುಷ್ಯನೆಂದು ಖಚಿತವಾಗದ, ಆದರೂ ತಮ್ಮ ವಿಶ್ವಾಸಿ,
ಶ್ರೀಶೈಲಪ್ಪ ಕೋರವಾರ

ತಾ.ಕ.: ತಾವು ಪದೇ ಪದೇ ಕೇಳಿದ ಒಂದು ಸೆಂಟು ಮತ್ತು ಒಂದು ಪೌಂಡನ್ನೂ ಇದರ ಜೊತೆ ಪಾರ್ಸಲ್ ಮಾಡಿದ್ದೇನೆ. ಇಷ್ಟು ತಿಳಿಸಿ ಹೇಳಿದರೂ ಹೊನ್ನವ್ವ ಒಪ್ಪಲಿಲ್ಲ. ಬಾಯಿಬಿಟ್ಟು ಕೇಳಿದವರಿಗೆ ಇಲ್ಲವೆನ್ನಬಾರದಂತೆ. ಬ್ರೆಡ್ಡು ಯಾವ ತಾರೀಖಿನವರೆಗೆ ತಿನ್ನಲು ಯೋಗ್ಯ ಎಂಬುದನ್ನು ಬೇಕರಿಯವರು ಪೊಟ್ಟಣದ ಮೇಲೆ ಒತ್ತಿದ್ದಾರೆ. ಮಸಿ ಹರಡಿ ಅಕ್ಷರಗಳು ಕೊಂಚ ಸೊಟ್ಟಗಾಗಿವೆ. ಎಲ್ಲ ಅದರಲ್ಲೇ ಇದೆ, ನೋಡಿಕೊಳ್ಳಿ.